ರೊಟ್ಟಿ ಬುಟ್ಟಿ ನೋಡಿ ಸೂಜಿ ಹಿಡಿಯಿರಿ

ರಾತ್ರಿ ಎರಡು ಗಂಟೆಗೆ ಅಪ್ಪನ ಬನಿಯನ್ ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು. ಡಿಸೆಂಬರ್ ತಿಂಗಳು, ಬೆಟಗೇರಿಯಲ್ಲಿ ಕೌದಿ ಬಿಟ್ಟು ಏಳಲು ಮನಸ್ಸಾಗದ ಚಳಿ. "ನಿಮ್ಮಪ್ಪ ಏನೇನೋ ಮಾತಾಡುತ್ತಿದ್ದಾರೆ, ಬೇಗ ಬಾ" ಎಂದು ಅವ್ವ ಬಂದು ಎಬ್ಬಿಸಿದಳು. ಹೋಗಿ ನೋಡಿದರೆ ಅಪ್ಪ ಗೋಡೆಗೆ ಮುಖ ಮಾಡಿ ಕುಳಿತು ಹಾಸಿನ ಎಳೆ ಎಣಿಸುತ್ತಿದ್ದ. ಅವನು ಮಗ್ಗ ಬಿಟ್ಟು ಹನ್ನೆರಡು ವರ್ಷವಾಗಿತ್ತು. ಹಣೆ ತಣ್ಣಗಿತ್ತು, ಕೈ ನಡುಗುತ್ತಿತ್ತು. ಬೆರಳು ಚುಚ್ಚಿ ನೋಡಿದೆ: ಶುಗರ್ 41.

ಹುಬ್ಬಳ್ಳಿಯಲ್ಲಿ ಮೆಡಿಸಿನ್ ವಾರ್ಡಿನ ಸ್ಟಾಫ್ ನರ್ಸ್ ಆಗಿ 31 ವರ್ಷ ದುಡಿದು ನಿವೃತ್ತಳಾದವಳು ನಾನು. ಆ ರಾತ್ರಿಯ ತಪ್ಪು ಬೇರೆ ಯಾರದೂ ಅಲ್ಲ, ನನ್ನದೇ. ಏಳೂವರೆಗೆ ಅಪ್ಪನಿಗೆ ಇನ್ಸುಲಿನ್ ಕೊಟ್ಟಿದ್ದೆ. ತಮ್ಮ ಹುಬ್ಬಳ್ಳಿಯಿಂದ ಬರುವವನಿದ್ದ, ಬಸ್ ತಡವಾಯಿತು. "ಮಗ ಬರಲಿ, ಕೂಡಿಯೇ ಉಣ್ಣುತ್ತೇವೆ" ಎಂದು ಅಪ್ಪ ಕಾದ. ಹತ್ತಕ್ಕೆ ಅರ್ಧ ರೊಟ್ಟಿ ತಿಂದು ಹಸಿವೆ ಸತ್ತಿತೆಂದು ಮಲಗಿಬಿಟ್ಟ. ವಾರ್ಡಿನಲ್ಲಿ ಊಟದ ಗಾಡಿಯ ಸದ್ದು ಕೇಳದೆ ಸಿರಿಂಜ್ ಮುಟ್ಟದವಳು, ಮನೆಯಲ್ಲಿ ಬರೀ ಗಡಿಯಾರ ನೋಡಿ ಚುಚ್ಚಿದ್ದೆ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ರೊಟ್ಟಿ ಬುಟ್ಟಿಯಲ್ಲಿ ರೊಟ್ಟಿ ಇದೆಯೇ, ಪಲ್ಲೆ ಒಲೆಯಿಂದ ಇಳಿದಿದೆಯೇ, ಉಣ್ಣುವವನು ಮನೆಯಲ್ಲೇ ಇದ್ದಾನೆಯೇ ಎಂಬ ಮೂರನ್ನೂ ಕಣ್ಣಾರೆ ನೋಡಿದ ಮೇಲೆಯೇ ಸೂಜಿ.

ಸಂಬಂಧಿಕರು, ನೆರೆಯವರು ನನಗೆ ಫೋನ್ ಮಾಡುವುದು ಯಾವಾಗಲೂ ಶುಗರ್ ಏರಿದಾಗ. "ಅಕ್ಕಾ, ಮುನ್ನೂರು ತೋರಿಸುತ್ತಿದೆ, ಏನು ಮಾಡಲಿ?" ಎಂದು ಗಾಬರಿಯಾಗುತ್ತಾರೆ. ಮುನ್ನೂರು ಒಳ್ಳೆಯದಲ್ಲ ನಿಜ. ಆದರೆ ರೋಗಿ ಎಚ್ಚರವಾಗಿದ್ದು, ವಾಂತಿ, ಏದುಸಿರು ಇಲ್ಲದಿದ್ದರೆ ವೈದ್ಯರನ್ನು ಕೇಳಿ ಸರಿಪಡಿಸಿಕೊಳ್ಳಲು ಸಮಯವಿರುತ್ತದೆ. 41ಕ್ಕೆ ಸಮಯವಿಲ್ಲ. ಸಿಹಿ ತಿಂದರೆಂದು ಬೈಯುವ ಮನೆಯವರು ನನಗೆ ಬೇಕಾದಷ್ಟು ಸಿಕ್ಕಿದ್ದಾರೆ. ಗುಳಿಗೆ ನುಂಗಿ ಊಟ ಬಿಟ್ಟರೆಂದು ಬೈದವರು ಬೆರಳೆಣಿಕೆಯಷ್ಟು. ಅದಕ್ಕೇ ಇಳಿಯುವ ಶುಗರ್‌ನಿಂದಲೇ ಶುರು ಮಾಡುತ್ತೇನೆ.

ಶುಗರ್ ಇಳಿದಾಗ

70ಕ್ಕಿಂತ ಕೆಳಗೆ ಬಂದರೆ ಇಳಿದಿದೆ ಎಂದೇ ಲೆಕ್ಕ. 54ಕ್ಕಿಂತ ಕೆಳಗೆ ಹೋದರೆ ಅಪಾಯ. ಲಕ್ಷಣಗಳು ನಿಮಗೆ ಗೊತ್ತಿರಬಹುದು: ಬೆವರು, ನಡುಕ, ಎದೆ ಬಡಿತ, ಒಮ್ಮೆಲೇ ಹಸಿವು. ವಯಸ್ಸಾದವರಲ್ಲಿ ಇವು ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಸಿಡುಕು, ತೊದಲು, ಕೇಳಿದ್ದಕ್ಕೊಂದು ಹೇಳುವುದಕ್ಕೊಂದು, ಕುಳಿತಲ್ಲೇ ತೂಕಡಿಕೆ. ಹತ್ತಾರು ವರ್ಷ ಶುಗರ್ ಇದ್ದವರಿಗೆ, ಮತ್ತು ಬಿಪಿಗೆ ಎದೆಬಡಿತ ತಗ್ಗಿಸುವ ಗುಳಿಗೆ ನುಂಗುವವರಿಗೆ, ನಡುಕವೇ ಬಾರದಿರಬಹುದು. ಆ ಗುಳಿಗೆಯವರಿಗೆ ಆಗಲೂ ಬೆವರು ಸಾಮಾನ್ಯವಾಗಿ ಬರುತ್ತದೆ; ಬಹಳ ವರ್ಷಗಳ ಶುಗರಿನವರಲ್ಲಿ ಕೆಲವರಿಗೆ ಅದೂ ಬಾರದಿರಬಹುದು. ಆದ್ದರಿಂದ ಅನುಮಾನ ಬಂದಾಗ ನಾನು ಮೊದಲು ಕೈ ಹಾಕುವುದು ಕುತ್ತಿಗೆಯ ಹಿಂಭಾಗಕ್ಕೆ.

ಮೀಟರ್ ಇದ್ದರೆ ನೋಡಿ. ಇಲ್ಲದಿದ್ದರೆ ಇಳಿದಿದೆ ಎಂದೇ ತಿಳಿದು ಸಕ್ಕರೆ ಕೊಡಿ. ಏರಿದವನಿಗೆ ಮೂರು ಚಮಚ ಸಕ್ಕರೆಯಿಂದ ದೊಡ್ಡ ನಷ್ಟವಿಲ್ಲ, ಇಳಿದವನಿಗೆ ಕೊಡದಿದ್ದರೆ ಪ್ರಾಣಕ್ಕೇ ಕುತ್ತು. ಅಳತೆ ಸುಮಾರು 15 ಗ್ರಾಂ, ಎಂದರೆ ಮೂರು ಸಣ್ಣ ಚಮಚ. ಅರ್ಧ ಲೋಟ ನೀರಿನಲ್ಲಿ ಕದಡಿ, ರೋಗಿಯನ್ನು ಕೂರಿಸಿ ಕುಡಿಸಿ. ಮೊದಲ ಗುಟುಕನ್ನು ನುಂಗಿದನೇ ಎಂದು ಗಂಟಲು ನೋಡಿ. ಗ್ಲೂಕೋಸ್ ಪುಡಿಯೂ ಆದೀತು. ಪೇಢೆ, ಚಾಕೊಲೇಟ್ ಬೇಡ: ಅವುಗಳ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಧಾರವಾಡದಲ್ಲಿ ಓದಿದ ನನಗೆ ಪೇಢೆಯ ಮೇಲೆ ಸಿಟ್ಟೇನಿಲ್ಲ, ಆ ಹೊತ್ತಿಗೆ ಅದು ನಿಧಾನ, ಅಷ್ಟೇ.

15 ನಿಮಿಷ ಕಾದು ಮತ್ತೆ ನೋಡಿ. ಈ ಕಾಯುವುದೇ ಮನೆಯವರಿಗೆ ಆಗದ ಕೆಲಸ. ಎರಡು ನಿಮಿಷಕ್ಕೊಮ್ಮೆ ಸಕ್ಕರೆ ಸುರಿದು ಬೆಳಗಿನ ಹೊತ್ತಿಗೆ 380 ಮಾಡಿಟ್ಟವರನ್ನು ನೋಡಿದ್ದೇನೆ. ಆ ರಾತ್ರಿ ಅಪ್ಪನಿಗೆ ಮೊದಲ ಲೋಟದ ನಂತರ 63 ಬಂತು. ಇನ್ನೊಂದು ಲೋಟ ಕೊಟ್ಟೆ. ಮತ್ತೆ 15 ನಿಮಿಷಕ್ಕೆ 98. ಎಳೆ ಎಣಿಸುವುದನ್ನು ನಿಲ್ಲಿಸಿ "ಯಾಕೆ ಎಲ್ಲರೂ ಎದ್ದು ಕುಳಿತಿದ್ದೀರಿ?" ಎಂದು ಕೇಳಿದ. ಆಗ ಅರ್ಧ ರೊಟ್ಟಿ, ಒಂದು ಲೋಟ ಹಾಲು ಕೊಟ್ಟೆವು. ಇದನ್ನು ಮರೆಯಬೇಡಿ. ಸಕ್ಕರೆ ನೀರು ಬೇಗ ಏರಿಸುತ್ತದೆ, ಬೇಗ ಕರಗಿಯೂ ಹೋಗುತ್ತದೆ. ಮುಂದಿನ ಊಟ ದೂರವಿದ್ದರೆ ಹಿಂದೆಯೇ ಹೊಟ್ಟೆಗೆ ಗಟ್ಟಿಯಾಗಿ ಏನಾದರೂ ಬೀಳಬೇಕು.

ಪ್ರಜ್ಞೆ ತಪ್ಪಿದ್ದರೆ, ಫಿಟ್ಸ್ ಬಂದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ನೀರನ್ನೂ ಹಾಕಬೇಡಿ. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ, ಶುಗರ್ ರೋಗಿ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ.

ಗುಳಿಗೆಯ ವಿಷಯ ಒಂದಿದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಗುಳಿಗೆಯಿಂದ ಶುಗರ್ ಇಳಿದಿದ್ದರೆ, ಒಮ್ಮೆ ಏರಿದ್ದು ನಾಲ್ಕಾರು ಗಂಟೆಗಳ ನಂತರ ಮತ್ತೆ ಇಳಿಯಬಹುದು. ಕಿಡ್ನಿ ದುರ್ಬಲವಾದ ಅಜ್ಜ ಅಜ್ಜಿಯರಲ್ಲಿ ಇದು ಇಡೀ ದಿನ ಕಾಡುತ್ತದೆ. ಎಚ್ಚರವಾದರಲ್ಲ ಎಂದು ಮನೆಯಲ್ಲೇ ಉಳಿಯಬೇಡಿ, ದವಾಖಾನೆಗೆ ಕರೆದೊಯ್ಯಿರಿ.

ಬಾಟಲಿ, ಸಿರಿಂಜ್, ಗಡಿಗೆ

"ಇನ್ಸುಲಿನ್ ಹಿಡಿದರೆ ಬಿಡಲು ಬರುವುದಿಲ್ಲವಂತೆ ಸಿಸ್ಟರ್" ಎಂಬ ಮಾತನ್ನು ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತಿದ್ದೆ. ಅದು ಚಟವಲ್ಲ, ನಮ್ಮ ಮೈಯೇ ತಯಾರಿಸುವ ವಸ್ತು. ಟೊರೊಂಟೊದಲ್ಲಿ 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಕೊಡುವ ತನಕ, ಮೈಯಲ್ಲಿ ಇನ್ಸುಲಿನ್ ತಯಾರಾಗದ ಮಕ್ಕಳನ್ನು ಉಳಿಸಲು ಯಾರ ಬಳಿಯೂ ಮದ್ದಿರಲಿಲ್ಲ. ಆಪರೇಷನ್, ಸೋಂಕು, ಬಸಿರುತನದ ಸಮಯದಲ್ಲಿ ಹಿಡಿದು ಆಮೇಲೆ ಬಿಟ್ಟವರೂ ಇದ್ದಾರೆ.

ಕೊಡುವ ಕ್ರಮದಲ್ಲಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಸಿರಿಂಜ್. ಬಾಟಲಿಯ ಮೇಲೆ ಒಂದು ಸಂಖ್ಯೆ ಇರುತ್ತದೆ, 40 ಅಥವಾ 100. ಒಂದು ಎಂಎಲ್‌ನಲ್ಲಿ ಎಷ್ಟು ಯೂನಿಟ್ ಎಂಬುದು ಅದು. ನಮ್ಮಲ್ಲಿ ಬಾಟಲಿಯಲ್ಲಿ ಬರುವುದು ಬಹಳಷ್ಟು 40ರದ್ದು, ಇನ್ಸುಲಿನ್ ಚುಚ್ಚುವ ಪೆನ್ನಿಗೆ ಹಾಕುವ ಕಾರ್ಟ್ರಿಜ್ (ಔಷಧಿಯ ಕೊಳವೆ) 100ರದ್ದು. ಸಿರಿಂಜ್‌ನಲ್ಲೂ ಎರಡು ಬಗೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜ್‌ನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ. ತಿರುಗಿಸಿ, 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜ್‌ನಲ್ಲಿ 20ರ ಗೆರೆಗೆ ಎಳೆದರೆ ಹೋಗುವುದು 50 ಯೂನಿಟ್! ಕಾರ್ಟ್ರಿಜ್‌ನಿಂದ ಸಿರಿಂಜ್‌ಗೆ ಎಳೆದುಕೊಳ್ಳುವ ಜಾಣತನ ಎಂದೂ ಬೇಡ. ಅಂಗಡಿಯಲ್ಲಿ ಹಣ ಕೊಡುವ ಮುಂಚೆ ಎರಡರ ಮೇಲಿನ ಸಂಖ್ಯೆಯನ್ನೂ ಓದಿ. ಕನ್ನಡಕ ಮರೆತಿದ್ದರೆ ಅಂಗಡಿಯವರಿಂದ ಓದಿಸಿಕೊಳ್ಳಿ, ನಾಚಿಕೆ ಪಡುವಂಥದ್ದು ಏನಿಲ್ಲ.

ಅಪ್ಪನ ಔಷಧಿ ಹಾಲಿನಂತೆ ಮಸುಕಾದ ಮಿಶ್ರ ಇನ್ಸುಲಿನ್, 30/70: 30 ಪಾಲು ಬೇಗ ಕೆಲಸ ಮಾಡುವುದು, 70 ಪಾಲು ನಿಧಾನದ್ದು. ಇಂಥದ್ದನ್ನು ಕುಲುಕಬಾರದು. ಎರಡು ಅಂಗೈಗಳ ನಡುವೆ, ಕಡಗೋಲು ತಿರುಗಿಸಿದಂತೆ ಆದರೆ ಅದಕ್ಕಿಂತ ಎಷ್ಟೋ ಮೆಲ್ಲಗೆ, ಹತ್ತಿಪ್ಪತ್ತು ಸಲ ಹೊರಳಿಸಿ, ತಳದ ಬಿಳಿ ಪೂರ್ತಿ ಬೆರೆಯುವವರೆಗೆ. ಬೆರೆಯದೆ ಗಂಟುಗಂಟಾಗಿ ಉಳಿದರೆ ಆ ಬಾಟಲಿ ಕೆಟ್ಟಿದೆ. ತಿಳಿಯಾಗಿರಬೇಕಾದದ್ದು ಮಸುಕಾದರೂ ಹಾಗೆಯೇ. ಈ ಹಳೆಯ ಬಗೆಯ ಇನ್ಸುಲಿನ್ನನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡಬೇಕು. ಹೊಸ ಬಗೆಯ ವೇಗದ ಇನ್ಸುಲಿನ್ ಆದರೆ ಚುಚ್ಚಿದ ಕೂಡಲೇ ಊಟ. ನಿಮ್ಮದು ಯಾವುದೆಂದು ಚೀಟಿ ಬರೆದವರನ್ನೇ ಕೇಳಿ. ಮಿಶ್ರ ಇನ್ಸುಲಿನ್ನಿನ ನಿಧಾನದ ಪಾಲು ಕೊಟ್ಟ ನಾಲ್ಕರಿಂದ ಹತ್ತು ಗಂಟೆಗಳ ನಡುವೆ ಜೋರಾಗುತ್ತದೆ. ಸಂಜೆ ಏಳೂವರೆಗೆ ಕೊಟ್ಟದ್ದು ರಾತ್ರಿ ಎರಡಕ್ಕೆ ಅಪ್ಪನನ್ನು ಹಿಡಿದದ್ದು ಹೀಗೆ.

ಚುಚ್ಚಲು ಹೊಟ್ಟೆ ಒಳ್ಳೆಯ ಜಾಗ, ಹೊಕ್ಕುಳಿನಿಂದ ಎರಡು ಬೆರಳಿಗಿಂತ ಹೆಚ್ಚು ದೂರದಲ್ಲಿ. ತೊಡೆಯ ಹೊರಬದಿಯೂ ಆದೀತು. ತೆಳ್ಳಗಿನವರಿಗೆ ಚರ್ಮವನ್ನು ಎರಡು ಬೆರಳಿನಿಂದ ಮಡಿಕೆ ಹಿಡಿದು ಚುಚ್ಚಿ. ಪೆನ್ನಾದರೆ ಮೊದಲು ಎರಡು ಯೂನಿಟ್ ಹೊರಗೆ ಹಾರಿಸಿ ನೋಡಿ. ಚುಚ್ಚಿ ಒತ್ತಿದ ಮೇಲೆ ಹತ್ತು ಎಣಿಸಿ ತೆಗೆಯಿರಿ. ಚುಚ್ಚಿದ ಜಾಗವನ್ನು ತಿಕ್ಕಬೇಡಿ. ದಿನವೂ ಒಂದು ಬೆರಳಿನಷ್ಟು ಸರಿಯುತ್ತಾ ಹೋಗಿ. ಅಪ್ಪನಿಗೆ ಬಲಗಡೆಯ ಒಂದೇ ಜಾಗ "ನೋಯುವುದಿಲ್ಲ" ಎಂದು ಇಷ್ಟವಾಗಿತ್ತು. ಕೈಯಾಡಿಸಿ ನೋಡಿದರೆ ಅಲ್ಲೊಂದು ನಿಂಬೆಹಣ್ಣಿನಷ್ಟು ಮೆತ್ತನೆಯ ಗಡ್ಡೆ. ನೋಯದಿದ್ದುದಕ್ಕೆ ಕಾರಣವೇ ಅದು. ಅಲ್ಲಿ ಹಾಕಿದ ಇನ್ಸುಲಿನ್ ಒಂದು ದಿನ ರಕ್ತಕ್ಕೆ ಸೇರುತ್ತದೆ, ಒಂದು ದಿನ ಸೇರುವುದೇ ಇಲ್ಲ. ಗಡ್ಡೆ ಬಿಟ್ಟು ಹೊಸ ಜಾಗಕ್ಕೆ ಹೋಗುವಾಗಲೂ ಎಚ್ಚರ ಬೇಕು. ಅದೇ ಅಳತೆ ಅಲ್ಲಿ ಪೂರ್ತಿ ಕೆಲಸ ಮಾಡಿ ಶುಗರ್ ಒಮ್ಮೆಲೇ ಇಳಿಯಬಹುದು. ವೈದ್ಯರಿಗೆ ತಿಳಿಸಿಯೇ ಜಾಗ ಬದಲಿಸಿ.

ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಿಡಿ; ತುಂಬಿದ ಮೇಲೆ ದವಾಖಾನೆಗೆ ಒಯ್ದು ಕೊಡಿ. ಕಸದ ಚೀಲಕ್ಕೆ ಹಾಕಿದರೆ ಅದು ಚುಚ್ಚುವುದು ಬೆಳಗ್ಗೆ ಬರುವ ಪೌರಕಾರ್ಮಿಕರ ಕೈಗೆ.

ಇಡುವ ವಿಷಯಕ್ಕೆ ಬರುತ್ತೇನೆ. ಇನ್ನೂ ಬಳಸಲು ಶುರು ಮಾಡದ ಬಾಟಲಿಗೆ ಫ್ರಿಜ್‌ನ 2ರಿಂದ 8 ಡಿಗ್ರಿ ಬೇಕು. ಐಸ್ ಕಟ್ಟುವ ಖಾನೆಗೆ ತಾಗಿಸಬೇಡಿ, ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ಚೆಲ್ಲುವುದಕ್ಕೇ ಸರಿ. ಬಳಕೆಯಲ್ಲಿರುವುದನ್ನು ಹೊರಗೆ ತಂಪಿನಲ್ಲಿ ಸುಮಾರು ನಾಲ್ಕು ವಾರ ಇಡಬಹುದು. ಆದರೆ ಗದಗಿನ ಏಪ್ರಿಲ್ ತಿಂಗಳಲ್ಲಿ ತಂಪು ಎಲ್ಲಿದೆ? ಫ್ರಿಜ್ ಇಲ್ಲದ ಮನೆಗಳಿಗೆ ನಾನು ಹೇಳಿಕೊಡುವುದು ಗಡಿಗೆ. ಅಗಲ ಬಾಯಿಯ ಮಣ್ಣಿನ ಗಡಿಗೆಯಲ್ಲಿ ಅರ್ಧದವರೆಗೆ ಒದ್ದೆ ಉಸುಕು, ಅದರೊಳಗೆ ಸಣ್ಣ ಗಡಿಗೆ, ಸಣ್ಣದರೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಬಾಟಲಿ. ಮೇಲೆ ಒದ್ದೆ ಬಟ್ಟೆ. ಗಾಳಿಯಾಡುವ ನೆರಳಿನ ಮೂಲೆಯಲ್ಲಿಟ್ಟು ಬೆಳಗ್ಗೆ ಸಂಜೆ ಉಸುಕಿಗೆ ನೀರು ಚಿಮುಕಿಸಿ. ಕುಡಿಯುವ ನೀರಿನ ಗಡಿಗೆ ತಣ್ಣಗಿರುವ ಕಾರಣವೇ ಇಲ್ಲಿಯೂ. ಬಾಟಲಿಯ ಮೇಲೆ ಬಳಸಲು ಶುರು ಮಾಡಿದ ತಾರೀಖು ಬರೆಯಿರಿ.

ಬೆರಳು ಮತ್ತು ನೋಟ್‌ಬುಕ್

ಚುಚ್ಚುವ ಮುಂಚೆ ರೋಗಿಯ ಕೈಯನ್ನು ಸಾಬೂನಿನಿಂದ ತೊಳೆಸಿ, ಪೂರ್ತಿ ಒರೆಸಿ. ಬಾಳೆಹಣ್ಣು ಸುಲಿದ ಬೆರಳಿನಿಂದ ತೆಗೆದ ಹನಿ ಸುಳ್ಳು ಹೇಳುತ್ತದೆ. ಬೆರಳಿನ ತುದಿಗಿಂತ ಮಗ್ಗುಲಲ್ಲಿ ನೋವು ಕಡಿಮೆ. ರಕ್ತಕ್ಕಾಗಿ ಬೆರಳನ್ನು ಹಿಂಡಬೇಡಿ, ಕೈ ಇಳಿಬಿಟ್ಟು ಬೆಚ್ಚಗೆ ತಿಕ್ಕಿ. ಸ್ಟ್ರಿಪ್ ಡಬ್ಬಿಯ ಮುಚ್ಚಳವನ್ನು ತೆಗೆದ ಕೂಡಲೇ ಮುಚ್ಚಿ, ಮಳೆಗಾಲದ ತೇವಕ್ಕೆ ಸ್ಟ್ರಿಪ್ ಕೆಡುತ್ತದೆ.

ಸಂಖ್ಯೆ ಎಷ್ಟಿರಬೇಕು? ಬಹುತೇಕ ವಯಸ್ಕರಿಗೆ ಊಟಕ್ಕೆ ಮುಂಚೆ 80ರಿಂದ 130, ಊಟ ಶುರು ಮಾಡಿ ಎರಡು ಗಂಟೆಗೆ 180ರೊಳಗೆ. ಎಪ್ಪತ್ತೆಂಟರ ಅಪ್ಪನಿಗೆ ವೈದ್ಯರು ಇದನ್ನು ಸಡಿಲಿಸಿದ್ದಾರೆ. ಮುದುಕರಿಗೆ ಬಿಗಿ ಹಿಡಿದರೆ ಶುಗರ್ ಇಳಿಯುವ ಅಪಾಯವೇ ಹೆಚ್ಚು. ನೆರೆಮನೆಯವರ ಸಂಖ್ಯೆಯೊಂದಿಗೆ ಪೈಪೋಟಿಗೆ ಇಳಿಯಬೇಡಿ.

ನೋಟ್‌ಬುಕ್ಕಿನಲ್ಲಿ ಬರೀ ಸಂಖ್ಯೆ ಬರೆದರೆ ವೈದ್ಯರಿಗೆ ಅರ್ಧ ಕಥೆ ಸಿಕ್ಕಂತೆ. ಸಮಯ, ಸಂಖ್ಯೆ, ಎಷ್ಟು ಯೂನಿಟ್, ಏನು ಉಂಡರು, ಬೇರೆ ಏನಾಯಿತು, ಇಷ್ಟೂ ಬೇಕು. ನಮ್ಮ ನೋಟ್‌ಬುಕ್ಕಿನಲ್ಲಿ ಕಳೆದ ನಾಗಪಂಚಮಿಯ ದಿನ ಅಪ್ಪನ ಅಕ್ಷರದಲ್ಲಿ "ಅರ್ಧ ಶೇಂಗಾ ಉಂಡಿ" ಎಂದಿದೆ. ಪಕ್ಕದ ಸಂಖ್ಯೆ 268. ಉಳಿದರ್ಧ, ಬಹುಶಃ ಅದರ ಜೊತೆ ಇನ್ನೊಂದೆರಡು ಎಲ್ಲಿಗೆ ಹೋದವೆಂದು ಮೀಟರ್ ಹೇಳಿತು, ನಾನು ಕೇಳಲಿಲ್ಲ. ಬೈದರೆ ಮುಂದಿನ ಸಲ ಬರೆಯುವುದೇ ಇಲ್ಲ. ಸುಳ್ಳು ಬರೆದ ನೋಟ್‌ಬುಕ್ ನೋಡಿ ಔಷಧಿ ಹೆಚ್ಚಿಸಿದರೆ ನಾವು ಮತ್ತೆ ರಾತ್ರಿ ಎರಡು ಗಂಟೆಗೆ ಏಳಬೇಕಾಗುತ್ತದೆ.

ಉಣ್ಣುವುದು

"ಅನ್ನ ಬಿಟ್ಟಿದ್ದೇನೆ, ಬರೀ ರೊಟ್ಟಿ" ಎಂದು ಹೆಮ್ಮೆಯಿಂದ ಹೇಳಿ ನಾಲ್ಕು ರೊಟ್ಟಿ ಉಣ್ಣುವವರಿದ್ದಾರೆ. ಜೋಳವೂ ಧಾನ್ಯವೇ, ಅದರಲ್ಲೂ ಪಿಷ್ಟವೇ ಹೆಚ್ಚು. ಆದರೂ ನಮ್ಮ ಕಡೆಯ ತಟ್ಟೆ ಶುಗರ್ ರೋಗಿಗೆ ಕೆಟ್ಟದ್ದಲ್ಲ, ಪಾಲು ಬದಲಿಸಿದರೆ ಸಾಕು. ರೊಟ್ಟಿ ಎರಡಕ್ಕೆ ನಿಲ್ಲಲಿ, ಹೆಸರುಕಾಳು ಅಥವಾ ಮಡಕೆಕಾಳಿನ ಪಲ್ಲೆ ಎರಡು ಪಟ್ಟಾಗಲಿ, ಬದಿಗೆ ಮೆಂತ್ಯದ ತಪ್ಪಲು, ಸೌತೆಕಾಯಿ, ಮೂಲಂಗಿ. ಅಗಸಿ, ಗುರೆಳ್ಳಿನ ಚಟ್ನಿಪುಡಿ ಇರಲಿ, ಉಪ್ಪು ಹಿಡಿತದಲ್ಲಿರಲಿ.

ಕಳ್ಳನಿರುವುದು ಚಹಾದಲ್ಲಿ. ದಿನಕ್ಕೆ ಐದು ಸಲ, ಸಲಕ್ಕೆ ಎರಡು ಚಮಚ ಎಂದರೆ ಹತ್ತು ಚಮಚ ಸಕ್ಕರೆ, ಯಾರೂ ಸಿಹಿ ತಿಂದೆನೆಂದು ಲೆಕ್ಕ ಹಿಡಿಯುವುದಿಲ್ಲ. ಬೆಲ್ಲದ ಚಹಾ ಪರಿಹಾರವಲ್ಲ, ಬೆಲ್ಲವೂ ಸಕ್ಕರೆಯ ಅಣ್ಣನೇ. ಸಂಜೆಯ ಗಿರ್ಮಿಟ್ ಹಗುರವೆಂದು ತಿಳಿಯಬೇಡಿ. ಮಂಡಕ್ಕಿ ಶುಗರನ್ನು ಬೇಗ ಏರಿಸುತ್ತದೆ, ಪಕ್ಕದ ಮಿರ್ಚಿಯ ವಿಷಯ ನಾನು ಹೇಳಬೇಕಾಗಿಲ್ಲ. ಶಿವರಾತ್ರಿ, ಏಕಾದಶಿಯ ಉಪವಾಸದ ಸಾಬೂದಾಣಿ ಕಿಚಡಿ ಎಂದರೆ ಅಪ್ಪಟ ಪಿಷ್ಟ. ಹಗಲಿಡೀ ಖಾಲಿ ಹೊಟ್ಟೆ, ಮೇಲೊಂದು ಗುಳಿಗೆ, ಸಂಜೆ ತಟ್ಟೆ ತುಂಬಾ ಕಿಚಡಿ: ಇಳಿತ ಏರಿಕೆ ಎರಡೂ ಒಂದೇ ದಿನ. ಉಪವಾಸ ಮಾಡಲೇಬೇಕೆಂದರೆ ಒಂದು ವಾರ ಮೊದಲೇ ವೈದ್ಯರನ್ನು ಕೇಳಿ ಔಷಧಿ ಹೊಂದಿಸಿಕೊಳ್ಳಿ. ಮಾವಿನ ಕಾಲದಲ್ಲಿ ನಾನು ಅಪ್ಪನಿಗೆ ಆಪೂಸಿನ ಎರಡು ಹೋಳು ಕೊಡುತ್ತೇನೆ, ಆ ಹೊತ್ತಿನ ಅರ್ಧ ರೊಟ್ಟಿ ಕಡಿಮೆ ಮಾಡಿ. ಪೂರ್ತಿ ಬೇಡವೆಂದರೆ ಕದ್ದು ತಿನ್ನುತ್ತಾನೆ.

ಕಾಲು

ಅಪ್ಪ ನಲವತ್ತು ವರ್ಷ ಕುಣಿಮಗ್ಗದಲ್ಲಿ ಕುಳಿತು ಕಾಲಿನಿಂದ ಮಣೆ ತುಳಿದವನು. ಅಂಗಾಲಿಗೆ ಜೋಮು ಹಿಡಿದಾಗ ಅದು ಕೆಲಸದಿಂದ ಬಂದದ್ದು ಎಂದೇ ಎಲ್ಲರೂ ತಿಳಿದೆವು. ನಾನೂ. ಆಮೇಲೊಂದು ಚಳಿಗಾಲದ ಬೆಳಗ್ಗೆ ಬಚ್ಚಲ ಒಲೆಯ ಮುಂದೆ ಕಾಲು ಚಾಚಿ ಕುಳಿತ. ಸಂಜೆ ಅವ್ವ ನೋಡಿದಾಗ ಹಿಮ್ಮಡಿಯಲ್ಲಿ ರೂಪಾಯಿಯಷ್ಟು ಅಗಲದ ಬೊಬ್ಬೆ. ಅವನಿಗೆ ಗೊತ್ತೇ ಇರಲಿಲ್ಲ. ಆ ಗಾಯ ಮಾಯಲು ಹತ್ತು ವಾರ ಹಿಡಿಯಿತು. ವಾರ್ಡಿನಲ್ಲಿ ನಾನು ನೋಡಿದ ಎಷ್ಟೋ ಕತ್ತರಿಸಿದ ಕಾಲುಗಳು ಶುರುವಾದದ್ದು ಇದಕ್ಕಿಂತ ಸಣ್ಣದರಿಂದ. ಚಪ್ಪಲಿಯೊಳಗಿನ ಮೊಳೆ ಎರಡು ದಿನ ಚುಚ್ಚುತ್ತಿದ್ದರೂ ತಿಳಿಯದೆ ನಡೆದಾಡಿದ ರೈತರೊಬ್ಬರ ಹೆಬ್ಬೆರಳನ್ನು ಇನ್ನೂ ಮರೆತಿಲ್ಲ. "ನೋವೇ ಇಲ್ಲವಲ್ಲ ಸಿಸ್ಟರ್, ತಾನೇ ಮಾಯುತ್ತದೆ ಎಂದುಕೊಂಡೆ" ಎಂದಿದ್ದರು. ನೋವಿಲ್ಲದ ಗಾಯಕ್ಕೇ ಹೆಚ್ಚು ಹೆದರಬೇಕು.

ಈಗ ರಾತ್ರಿ ಊಟವಾದ ಮೇಲೆ ಅವ್ವ ದೀಪದ ಕೆಳಗೆ ಅಪ್ಪನ ಕಾಲನ್ನು ತನ್ನ ಮಡಿಲಿನಲ್ಲಿ ಇಟ್ಟುಕೊಳ್ಳುತ್ತಾಳೆ. ಮೊದಲು ಅಂಗಾಲು, ಆಮೇಲೆ ಹಿಮ್ಮಡಿಯ ಬಿರುಕು, ಕೊನೆಗೆ ಒಂದೊಂದೇ ಬೆರಳನ್ನು ಬಿಡಿಸಿ ಸಂದು. ಕೆಂಪು, ಬೊಬ್ಬೆ, ಬಿಳಿಯಾಗಿ ನೆನೆದ ಚರ್ಮ, ಒಂದು ಕಾಲಿಗಿಂತ ಇನ್ನೊಂದು ಬಿಸಿ, ಇಂಥದ್ದೇನಾದರೂ ಕಂಡರೆ ನನ್ನನ್ನು ಕೂಗುತ್ತಾಳೆ. ಒಬ್ಬರೇ ಇರುವವರು ಗಡ್ಡ ಹೆರೆಯುವ ಕನ್ನಡಿಯನ್ನು ನೆಲದಲ್ಲಿಟ್ಟು ಅಂಗಾಲು ನೋಡಿಕೊಳ್ಳಬಹುದು. ಕಾಲು ತೊಳೆದ ಮೇಲೆ ಬೆರಳ ಸಂದುಗಳನ್ನು ಹಳೆಯ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ. ಕೊಬ್ಬರಿ ಎಣ್ಣೆ ಹಿಮ್ಮಡಿಗೆ ಹಚ್ಚಿ, ಸಂದುಗಳಿಗೆ ಬೇಡ: ಅಲ್ಲಿ ತೇವ ನಿಂತು ಹುಣ್ಣಾಗುತ್ತದೆ. ಸ್ನಾನದ ನೀರಿನ ಬಿಸಿಯನ್ನು ರೋಗಿಯ ಕಾಲಿನಿಂದ ಅಳೆಯಬೇಡಿ, ನಿಮ್ಮ ಮೊಣಕೈಯಿಂದ ಅಳೆಯಿರಿ. ಬಿಸಿ ನೀರಿನ ಚೀಲ, ಇಟ್ಟಿಗೆ ಶಾಖ ಯಾವುದೂ ಬೇಡ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಅಗೆಯಬೇಡಿ. ಆಣಿಗೆ ಬ್ಲೇಡ್ ಹಚ್ಚುವವರನ್ನು ಕಂಡರೆ ನನಗೆ ಕೈ ಹಿಡಿದು ಜಗ್ಗಬೇಕೆನಿಸುತ್ತದೆ.

ಮನೆಯೊಳಗೂ ಚಪ್ಪಲಿ ಇರಲಿ, ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಅಟ್ಟೆಯದು, ಹಿಂದೆ ಪಟ್ಟಿ ಇರುವುದು. ಹಾಕಿಕೊಳ್ಳುವ ಮುಂಚೆ ಒಮ್ಮೆ ಕೊಡವಿ, ಒಳಗೆ ಕೈಯಾಡಿಸಿ. ದೇವರ ವಿಷಯದಲ್ಲಿ ನಾನು ಯಾರೊಡನೆಯೂ ಜಗಳ ಮಾಡುವುದಿಲ್ಲ, ಆದರೆ ಜೋಮು ಹಿಡಿದ ಕಾಲಿನವರು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ, ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಬರಿಗಾಲಿನಲ್ಲಿ ಹೊರಟರೆ ಸುಮ್ಮನಿರಲಾರೆ. ಬಸ್ಸಿನಲ್ಲಿ ಹೋಗಿ. ಗುಡಿಯ ಅಂಗಳದ ಕಾದ ಕಲ್ಲಿಗೆ ದಪ್ಪ ಕಾಲುಚೀಲ ಹಾಕಿ, ಬೆಳಗಿನ ತಂಪಿನಲ್ಲಿ ದರ್ಶನ ಮುಗಿಸಿ.

ಗಾಯವಾದರೆ ಶುದ್ಧ ನೀರಿನಿಂದ ಇಲ್ಲವೇ ಸಲೈನ್‌ನಿಂದ ತೊಳೆದು, ಒಣ ಗಾಜ್ ಸುತ್ತಿ, ಮರುದಿನದೊಳಗೆ ತೋರಿಸಿ. ಅರಿಶಿನ, ಕಾಫಿಪುಡಿ, ಸೀಮೆಎಣ್ಣೆ ಹಾಕಿದರೆ ವೈದ್ಯರಿಗೆ ಗಾಯ ಕಾಣುವುದೇ ಇಲ್ಲ, ತೊಳೆಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಕಪ್ಪಾಗಿದ್ದರೆ, ವಾಸನೆ ಬಂದರೆ, ಜ್ವರವಿದ್ದರೆ ಅದೇ ದಿನ ಹೋಗಿ. ಬೀಡಿ, ತಂಬಾಕು ಕಾಲಿನ ರಕ್ತನಾಳಗಳನ್ನು ಕುಗ್ಗಿಸುತ್ತವೆ. ಔಷಧಿ ಗಾಯದವರೆಗೆ ತಲುಪಬೇಕಾದರೆ ಮೊದಲು ರಕ್ತ ಅಲ್ಲಿಗೆ ಹೋಗಬೇಕಲ್ಲ.

ಜ್ವರ, ವಾಂತಿ ಬಂದ ದಿನ

"ಏನೂ ತಿಂದಿಲ್ಲ, ಅದಕ್ಕೇ ಇನ್ಸುಲಿನ್ ನಿಲ್ಲಿಸಿದೆವು" ಎಂದು ತಂದ ರೋಗಿಗಳಲ್ಲಿ ಕೆಲವರು ಐಸಿಯುಗೆ ಹೋದರು. ಜ್ವರ ತಾನೇ ಶುಗರನ್ನು ಏರಿಸುತ್ತದೆ. ಇನ್ಸುಲಿನ್ನನ್ನು ನೀವಾಗಿ ನಿಲ್ಲಿಸಬೇಡಿ, ಅಳತೆ ಎಷ್ಟೆಂದು ಫೋನ್ ಮಾಡಿ ಕೇಳಿ. ಗುಳಿಗೆಯ ಮಾತು ಬೇರೆ. ವಾಂತಿ ಭೇದಿಯಾಗಿ ಮೈ ಒಣಗಿದಾಗ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್‌ನಂಥವನ್ನು ಕೆಲವು ದಿನ ನಿಲ್ಲಿಸಬೇಕಾಗಬಹುದು, ಅದನ್ನೂ ಕೇಳಿಯೇ. ನಾಲ್ಕು ಗಂಟೆಗೊಮ್ಮೆ ಬೆರಳು ಚುಚ್ಚಿ. ಗಂಜಿ, ಮಜ್ಜಿಗೆ, ಓಆರ್‌ಎಸ್ ಗುಟುಕು ಗುಟುಕಾಗಿ ಹೋಗುತ್ತಿರಲಿ. ನಿಲ್ಲದ ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು, ಬಾಯಿಯಲ್ಲಿ ಕೊಳೆತ ಹಣ್ಣಿನ ವಾಸನೆ, ಇವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ವೈದ್ಯರು ಬರೆದ ಚೀಟಿಯಲ್ಲಿ ಡಾಪಾಗ್ಲಿಫ್ಲೋಜಿನ್ ಜಾತಿಯ ಗುಳಿಗೆ ಇದ್ದರೆ, ಮೀಟರ್ ಹೆಚ್ಚು ತೋರಿಸದಿದ್ದರೂ ಈ ಅಪಾಯ ಬರಬಹುದು.

ಹಾಸಿಗೆ ಹಿಡಿದವರ ಬಗ್ಗೆ ಸ್ವಲ್ಪ. ಹಾವೇರಿಯಲ್ಲಿ ನಮ್ಮ ಚಿಗವ್ವ ಲಕ್ವಾ ಹೊಡೆದು ಮಲಗಿದ್ದಾಳೆ, ಶುಗರೂ ಇದೆ. ಅವಳ ಸೊಸೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾಳೆ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಮಡಿಚಿದ ಸೀರೆ ಇಡುತ್ತಾಳೆ. ಸೊಂಟ, ಬೆನ್ನಿನ ಕೆಳಭಾಗ ಕೆಂಪಾಗಿ, ಒತ್ತಿದರೂ ಬಿಳಿಚದಿದ್ದರೆ ಅಲ್ಲಿ ಹುಣ್ಣು ಶುರುವಾಗಿದೆ. ಬಾಯಿ ತೊಳೆಸುವುದು, ಕೆಳಗಿನ ಭಾಗವನ್ನು ಒಣಗಿಸಿಡುವುದು ಇವರಲ್ಲಿ ಬೇರೆಯವರಿಗಿಂತ ಎರಡು ಪಟ್ಟು ಮುಖ್ಯ, ಬೂಸು ಬೇಗ ಹಿಡಿಯುತ್ತದೆ. ಮಾತು ಬಾರದವರು ಶುಗರ್ ಇಳಿದದ್ದನ್ನು ಹೇಳಲಾರರು, ಬೆವರೇ ನಿಮಗೆ ಮುಖ್ಯ ಸುಳಿವು. ಆ ಸೊಸೆ ಕಳೆದ ವರ್ಷ ಒಂದು ದಿನವೂ ತವರಿಗೆ ಹೋಗಿಲ್ಲ. ತಿಂಗಳಿಗೆ ಎರಡು ದಿನ ಮನೆಯ ಗಂಡಸರು ಈ ಕೆಲಸ ಕಲಿತು ಮಾಡಲಿ. ಸಿರಿಂಜ್ ಹಿಡಿಯಲು ಬಳೆ ಬೇಕಾಗಿಲ್ಲ.

ದವಾಖಾನೆಗೆ ಹೋಗುವಾಗ

ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ನಲ್ಲಿ ಶುಗರ್, ಬಿಪಿ ತಪಾಸಣೆ ಮತ್ತು ಸಾಮಾನ್ಯ ಗುಳಿಗೆಗಳು ಉಚಿತ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತ ಪರೀಕ್ಷೆ), ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆ, ಕಿಡ್ನಿಗಾಗಿ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು. ಕಣ್ಣು ಚೆನ್ನಾಗಿ ಕಾಣುತ್ತಿದೆ ಎಂದು ತಪ್ಪಿಸಬೇಡಿ. ಎರಡು ವಾರ ದಾಟಿದ ಕೆಮ್ಮಿದ್ದರೆ ಅದನ್ನೂ ಹೇಳಿ. ಶುಗರ್ ಇದ್ದವರಿಗೆ ಕ್ಷಯ ಬೇಗ ತಗಲುತ್ತದೆ.

ನೋಟ್‌ಬುಕ್ ಒಯ್ಯಿರಿ. ಗುಳಿಗೆಯ ಹೆಸರು ಬಾಯಿಪಾಠ ಹೇಳುವ ಬದಲು ಅರ್ಧ ಮುಗಿದ ಪಟ್ಟಿಗಳನ್ನೇ ಚೀಲದಲ್ಲಿ ಹಾಕಿಕೊಳ್ಳಿ, ನಾಟಿ ಔಷಧಿ ಇದ್ದರೆ ಅದನ್ನೂ. ಬೆಳಗ್ಗೆ ಉಪವಾಸದ ರಕ್ತ ಕೊಡಬೇಕಿದ್ದರೆ ಇನ್ಸುಲಿನ್, ಗುಳಿಗೆ ತೆಗೆದುಕೊಳ್ಳದೆ ಹೋಗಿ, ಬುತ್ತಿ ಕಟ್ಟಿಕೊಂಡು ಹೋಗಿ. ಸರತಿಯಲ್ಲಿ ಹನ್ನೊಂದಾಗುವುದು ಹೊಸದೇನಲ್ಲ. ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇರಲಿ.

ಕೊನೆಗೆ ಕಾಲು. ವೈದ್ಯರ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈ ಮುಗಿದು ಒಳಗೆ ಹೋಗುವುದು ಅಪ್ಪನ ರೂಢಿ. ಪ್ರತಿ ಸಲ ನಾನು ಆ ಚಪ್ಪಲಿ ಎತ್ತಿಕೊಂಡು ಹಿಂದೆಯೇ ಓಡುತ್ತೇನೆ. ಹಾಕಿಕೊಂಡೇ ಹೋಗಲಿ, ಕುರ್ಚಿಯಲ್ಲಿ ಕುಳಿತ ಮೇಲೆ ಬಿಚ್ಚಿ, ಕಾಲನ್ನು ಅವರಿಗೆ ಕಾಣುವಂತೆ ಮುಂದೆ ಚಾಚಲಿ. ಅವರು ಕೇಳದಿದ್ದರೂ.